ಥೈರಾಯ್ಡ್ ಮತ್ತು ತಿಂಗಳ ಮುಟ್ಟು: ಎರಡು ಫೈಲುಗಳನ್ನು ಒಟ್ಟಿಗೆ ಓದುವ ಬಗೆ

ಬೆಂಗಳೂರಿನಲ್ಲಿ ಥೈರಾಯ್ಡ್ ತೊಂದರೆಗೆ ಮಾತ್ರೆ ನುಂಗುತ್ತಿರುವ ಅನೇಕ ಮಹಿಳೆಯರ ಬಳಿ ಎರಡು ಫೈಲುಗಳಿರುತ್ತವೆ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ವರದಿಗಳ ಫೈಲು ಒಬ್ಬ ವೈದ್ಯರ ಬಳಿಗೆ ಹೋಗುತ್ತದೆ. ಸ್ಕ್ಯಾನಿಂಗ್, ಹಿಮೋಗ್ಲೋಬಿನ್ ಮತ್ತು ಮುಟ್ಟಿನ ತೊಂದರೆಗಳ ಫೈಲು ಸ್ತ್ರೀರೋಗ ತಜ್ಞರ ಬಳಿಗೆ ಹೋಗುತ್ತದೆ. ಇವೆರಡೂ ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುವುದು ಅಪರೂಪ. ಹೀಗಾಗಿ ಹೆಚ್ಚು ರಕ್ತಸ್ರಾವವಾಗುತ್ತಿದೆ ಎಂದು ಒಬ್ಬರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಯು ಇನ್ನೊಬ್ಬರು ಬರೆದುಕೊಟ್ಟ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲಿಯೇ ತಡೆಹಿಡಿಯುತ್ತಿದ್ದರೂ ಅದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಮಾತ್ರೆಯ ಪ್ರಮಾಣವನ್ನು ನಿರ್ಧರಿಸುವುದು ವೈದ್ಯರ ಕೆಲಸ. ಆದರೆ ಎರಡೂ ಫೈಲುಗಳನ್ನು ಜೋಡಿಸಿ ಅವರ ಮುಂದಿಡುವ ಕೆಲಸವನ್ನು ರೋಗಿಯಲ್ಲದೆ ಬೇರೆ ಯಾರೂ ಮಾಡಲಾರರು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಕತ್ತಿನ ಗ್ರಂಥಿಗೂ ಮುಟ್ಟಿಗೂ ಇರುವ ನಂಟು

ಥೈರಾಯ್ಡ್ ಗ್ರಂಥಿಗೆ ಟಿಎಸ್‌ಎಚ್ ಮೂಲಕ ಆದೇಶ ನೀಡುವ, ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯೇ ಅಂಡಾಶಯಗಳಿಗೂ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಹಾರ್ಮೋನುಗಳ ಮೂಲಕ ಆದೇಶ ನೀಡುತ್ತದೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ, ಅಂದರೆ ಹೈಪೋಥೈರಾಯ್ಡಿಸಂ ಇದ್ದಾಗ, ಅದನ್ನು ಹೆಚ್ಚಿಸಲು ಮೆದುಳು ಟಿಆರ್‌ಎಚ್ ಎಂಬ ಸಂದೇಶವನ್ನು ಹೆಚ್ಚಾಗಿ ಕಳುಹಿಸುತ್ತದೆ. ಈ ಸಂದೇಶವು ಟಿಎಸ್‌ಎಚ್ ಜೊತೆಗೆ ಎದೆಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ಏರಿಸಬಲ್ಲದು, ಪ್ರೊಲ್ಯಾಕ್ಟಿನ್ ಏರಿದರೆ ಅಂಡೋತ್ಪತ್ತಿ ಕುಂಠಿತವಾಗುತ್ತದೆ. ಅಂಡ ಬಿಡುಗಡೆಯಾಗದ ತಿಂಗಳಿನಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸಾಕಷ್ಟು ಉತ್ಪತ್ತಿಯಾಗುವುದಿಲ್ಲ, ಈಸ್ಟ್ರೋಜನ್ ಎಂಬ ಹಾರ್ಮೋನೊಂದರ ಪ್ರಭಾವದಲ್ಲಿಯೇ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ಕೊನೆಗೆ ತಡವಾಗಿ, ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಕಳಚಿಕೊಳ್ಳುತ್ತದೆ. ಇದರ ಜೊತೆಗೆ, ತೀವ್ರ ಹೈಪೋಥೈರಾಯ್ಡಿಸಂನಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಅಂಶವೂ ಕಡಿಮೆಯಾಗಬಹುದು. ಆದ್ದರಿಂದ ಎರಡು ತಿಂಗಳಿಗೊಮ್ಮೆ ಮುಟ್ಟಾಗುವುದು ಮತ್ತು ಆದಾಗ ವಿಪರೀತವಾಗುವುದು ಎಂಬ, ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಎರಡು ತೊಂದರೆಗಳು ಒಬ್ಬರಲ್ಲಿಯೇ ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಹಾರ್ಮೋನು ಅತಿಯಾದಾಗ, ಅಂದರೆ ಹೈಪರ್‌ಥೈರಾಯ್ಡಿಸಂನಲ್ಲಿ, ಚಿತ್ರ ಬಹುಮಟ್ಟಿಗೆ ಬೇರೆಯಾಗಿರುತ್ತದೆ. ಸ್ರಾವ ಕಡಿಮೆಯಾಗುತ್ತದೆ, ಮುಟ್ಟುಗಳ ನಡುವಿನ ಅಂತರ ಹೆಚ್ಚುತ್ತದೆ, ಕಾಯಿಲೆ ತೀವ್ರವಾಗಿ ತೂಕವೂ ಇಳಿದಿದ್ದರೆ ಮುಟ್ಟು ನಿಂತೇ ಹೋಗಬಹುದು. ಇವೆರಡರಲ್ಲಿ ಯಾವುದೇ ಇದ್ದರೂ ಮುಟ್ಟಿನಲ್ಲಿ ಯಾವ ಬದಲಾವಣೆಯನ್ನೂ ಕಾಣದ ಮಹಿಳೆಯರೂ ಬಹಳ ಜನರಿದ್ದಾರೆ ಎಂಬುದನ್ನು ಮರೆಯಬಾರದು. ಸೌಮ್ಯ ತೊಂದರೆಯಲ್ಲಿ ಹೀಗಾಗುವುದು ಸಾಮಾನ್ಯ.

ಮೊದಲ ಹೆಜ್ಜೆ: ಬರೆದಿಡುವುದು

ವೈದ್ಯರು ಕೇಳುವ ಮೊದಲ ಪ್ರಶ್ನೆ "ಕೊನೆಯ ಮುಟ್ಟು ಯಾವಾಗ ಆಯಿತು?" ಎಂಬುದು. ನಮ್ಮಲ್ಲಿ ಹೆಚ್ಚಿನವರು "ಹಬ್ಬದ ಹಿಂದಿನ ವಾರ ಇರಬೇಕು" ಎಂಬಂಥ ಉತ್ತರ ಕೊಡುತ್ತಾರೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಸುತ್ತು ಹಾಕುವ ಹಳೆಯ ಅಭ್ಯಾಸ ಒಳ್ಳೆಯದೇ. ಅದಕ್ಕೆ ಇನ್ನಷ್ಟು ಸೇರಿಸಿದರೆ ಸಾಕು. ಒಂದು ಸಣ್ಣ ನೋಟುಪುಸ್ತಕದಲ್ಲಿ ಅಥವಾ ಮೊಬೈಲಿನಲ್ಲಿ ಮುಟ್ಟು ಆರಂಭವಾದ ದಿನ, ಎಷ್ಟು ದಿನ ಇತ್ತು, ಹೆಚ್ಚು ಸ್ರಾವವಾದ ದಿನ ಎಷ್ಟು ಪ್ಯಾಡ್ ಬೇಕಾಯಿತು, ಗಡ್ಡೆಗಳು ಹೋದವೇ, ಮಧ್ಯದಲ್ಲಿ ಕಲೆ ಕಾಣಿಸಿತೇ ಎಂಬುದನ್ನು ಬರೆಯಿರಿ. ಅದೇ ಪುಟದಲ್ಲಿಯೇ ಥೈರಾಯ್ಡ್ ಮಾತ್ರೆಯ ಪ್ರಮಾಣ, ಅದನ್ನು ಬದಲಿಸಿದ ದಿನಾಂಕ, ಕಂಪನಿ ಬದಲಾಗಿದ್ದರೆ ಅದು, ಮರೆತ ದಿನಗಳು, ಬೇರೆ ಯಾರಾದರೂ ಹೊಸದಾಗಿ ಕೊಟ್ಟ ಮಾತ್ರೆಗಳು, ಟಿಎಸ್‌ಎಚ್ ಫಲಿತಾಂಶ ಇವೆಲ್ಲ ಇರಬೇಕು. ಬೇರೆ ಬೇರೆ ಪುಟಗಳಲ್ಲಿ ಬರೆದರೆ ಈ ದಾಖಲೆಯ ಪ್ರಯೋಜನ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಏಕೆಂದರೆ "ಪ್ರಮಾಣ 50ರಿಂದ 75 ಮೈಕ್ರೋಗ್ರಾಂಗೆ ಏರಿದ ಮೂರನೇ ತಿಂಗಳಿನಲ್ಲಿ ಸ್ರಾವ ಎಂಟು ದಿನದಿಂದ ಐದು ದಿನಕ್ಕೆ ಇಳಿಯಿತು" ಎಂಬಂಥ ಸಂಬಂಧ ಕಣ್ಣಿಗೆ ಬೀಳುವುದು ಎರಡೂ ಒಂದೇ ಕಡೆ ಇದ್ದಾಗ ಮಾತ್ರ.

ಯಾವುದು ಸಹಜ ಎಂಬ ಅಳತೆಯೂ ಗೊತ್ತಿರಬೇಕು. ವಯಸ್ಕರಲ್ಲಿ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 24ರಿಂದ 38 ದಿನಗಳ ಅಂತರ ಮತ್ತು ಎಂಟು ದಿನಗಳವರೆಗಿನ ಸ್ರಾವವನ್ನು ಸಹಜವೆಂದು ಪರಿಗಣಿಸುತ್ತಾರೆ. ಒಂದೆರಡು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುವುದು, ರಾತ್ರಿ ಪ್ಯಾಡ್ ಬದಲಿಸಲೆಂದೇ ಏಳಬೇಕಾಗುವುದು, ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡ ಗಡ್ಡೆಗಳು ಹೋಗುವುದು ಹೆಚ್ಚು ಸ್ರಾವದ ಲಕ್ಷಣಗಳು. ನಮ್ಮ ನಗರಕ್ಕೆ ಹೊಂದುವ ಇನ್ನೊಂದು ಅಳತೆಯನ್ನೂ ಹೇಳಬಹುದು: ಮನೆಯಿಂದ ಕಚೇರಿಗೆ ಒಂದೂವರೆ ಗಂಟೆಯ ಬಸ್ ಪ್ರಯಾಣವನ್ನು ಕಲೆಯಾಗುವ ಭಯವಿಲ್ಲದೆ ಮುಗಿಸಲಾಗದು ಎಂದು ನೀವು ಆ ದಿನಗಳಲ್ಲಿ ರಜೆ ಹಾಕುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಹೆಚ್ಚು ಸ್ರಾವವನ್ನು "ಉಷ್ಣ" ಎಂದು ಭಾವಿಸಿ ಎಳನೀರು, ಮಜ್ಜಿಗೆಗಳಲ್ಲಿಯೇ ತಿಂಗಳುಗಳನ್ನು ಕಳೆಯುವ ಹೆಣ್ಣುಮಕ್ಕಳು ಪರೀಕ್ಷೆಗೆ ಬರುವಷ್ಟರಲ್ಲಿ ರಕ್ತಹೀನತೆಯಿಂದ ಮೆಟ್ಟಿಲು ಹತ್ತಲಾಗದ ಸ್ಥಿತಿ ತಲುಪಿರುತ್ತಾರೆ.

ಎರಡನೇ ಹೆಜ್ಜೆ: ಯಾವ ಪರೀಕ್ಷೆ, ಯಾವಾಗ

ಮುಟ್ಟು ತಪ್ಪಿದಾಗ, ಗರ್ಭ ಧರಿಸುವ ಸಾಧ್ಯತೆ ಸ್ವಲ್ಪವಾದರೂ ಇದ್ದರೆ, ಮೊದಲು ಗರ್ಭಪರೀಕ್ಷೆ ಮಾಡಿಕೊಳ್ಳಬೇಕು. "ನನಗೆ ಥೈರಾಯ್ಡ್ ಇದೆಯಲ್ಲ, ಅದಕ್ಕೇ ತಡವಾಗಿರಬೇಕು" ಎಂದು ವಾರಗಟ್ಟಲೆ ಸುಮ್ಮನಿರುವುದು ಅಪಾಯಕಾರಿ, ಏಕೆಂದರೆ ಗರ್ಭದ ಮೊದಲ ವಾರಗಳಲ್ಲಿಯೇ ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಸರಿಪಡಿಸಬೇಕಾಗುತ್ತದೆ.

ಅನಂತರ ಟಿಎಸ್‌ಎಚ್ ಮತ್ತು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನು). ವಯಸ್ಕರಲ್ಲಿ ಟಿಎಸ್‌ಎಚ್ ಸಾಮಾನ್ಯವಾಗಿ ಸುಮಾರು 0.4ರಿಂದ 4ರ ಒಳಗಿರುತ್ತದೆ; ನಿಮ್ಮ ಲ್ಯಾಬ್ ತನ್ನ ವರದಿಯಲ್ಲಿ ಮುದ್ರಿಸಿರುವ ಮಿತಿಯನ್ನೇ ಆಧಾರವಾಗಿಟ್ಟುಕೊಳ್ಳಿ. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಈ ಅಂಕಿ ಏರುತ್ತದೆ, ಅತಿಯಾದಾಗ ಇಳಿಯುತ್ತದೆ. ಕಾರಣ ತಿಳಿಯಲು ಒಮ್ಮೆ ಆ್ಯಂಟಿ ಟಿಪಿಒ ಪ್ರತಿಕಾಯ ಪರೀಕ್ಷೆ ಮಾಡಿಸಬಹುದು. ಪಾಸಿಟಿವ್ ಬಂದರೆ ಅದು ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುತ್ತಿರುವುದರ, ಅಂದರೆ 1912ರಲ್ಲಿ ಜಪಾನಿನ ವೈದ್ಯ ಹಶಿಮೊಟೊ ವಿವರಿಸಿದ ಕಾಯಿಲೆಯ, ಸೂಚನೆ. ಹೆಚ್ಚು ಸ್ರಾವವಿದ್ದರೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ, ಹಿಮೋಗ್ಲೋಬಿನ್ ಇಳಿಯುವ ಮೊದಲೇ ಕಬ್ಬಿಣಾಂಶದ ದಾಸ್ತಾನು ಖಾಲಿಯಾಗಿರುತ್ತದೆ. ಮುಟ್ಟು ನಿಂತು, ಮಗುವಿಗೆ ಹಾಲುಣಿಸದಿದ್ದರೂ ಮೊಲೆಯಿಂದ ಹಾಲು ಒಸರುತ್ತಿದ್ದರೆ ಪ್ರೊಲ್ಯಾಕ್ಟಿನ್ ಪರೀಕ್ಷೆ ಬೇಕು. ಹೈಪೋಥೈರಾಯ್ಡಿಸಂನಿಂದ ಏರಿದ ಪ್ರೊಲ್ಯಾಕ್ಟಿನ್ ಥೈರಾಯ್ಡ್ ಚಿಕಿತ್ಸೆಯಿಂದಲೇ ಇಳಿಯುವುದರಿಂದ ಅದಕ್ಕೆ ಬೇರೆ ಔಷಧಿ ಆರಂಭಿಸುವ ಮೊದಲು ಟಿಎಸ್‌ಎಚ್ ನೋಡಿದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಪಿಸಿಒಡಿ (ಅಂಡೋತ್ಪತ್ತಿ ಏರುಪೇರಾಗುವ ಅಂಡಾಶಯದ ತೊಂದರೆ) ಎಂದು ಹೇಳಿದಾಗಲೂ ಇದೇ ಮಾತು ಅನ್ವಯಿಸುತ್ತದೆ: ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮಾತ್ರ ಆ ಹೆಸರಿಡಬೇಕು.

ರಕ್ತ ಕೊಡುವ ವಿಧಾನದಲ್ಲಿಯೂ ಎಚ್ಚರ ಬೇಕು. ಟಿಎಸ್‌ಎಚ್ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಬೆಳಿಗ್ಗೆಯಾದರೆ ಬೆಳಿಗ್ಗೆಯೇ, ಆ ದಿನದ ಮಾತ್ರೆ ನುಂಗುವ ಮೊದಲು ರಕ್ತ ಕೊಡಿ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ವ್ಯವಸ್ಥೆ ಈಗ ನಗರದ ಬಹುತೇಕ ಕಡೆ ಇರುವುದರಿಂದ ಇದು ಕಷ್ಟವಲ್ಲ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ. ಥೈರಾಯ್ಡ್‌ನಿಂದಲೇ ಕೂದಲು ಉದುರಿ, ಅದಕ್ಕೆಂದು ನುಂಗಿದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸಿದರೆ, ಸರಿಯಾಗಿದ್ದ ಪ್ರಮಾಣವನ್ನು ವೈದ್ಯರು ಇಳಿಸಿಬಿಡುವ ಸಂಭವವಿದೆ.

ಮೂರನೇ ಹೆಜ್ಜೆ: ಮಾತ್ರೆ, ಕಾಫಿ, ಕಬ್ಬಿಣಾಂಶ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗವನ್ನು ಓದಲು ನಿಮಗೆ ಸಮಯವಿದ್ದರೆ ಇದನ್ನು ಓದಿ ಎನ್ನುತ್ತೇನೆ. ಎಲ್ಟ್ರಾಕ್ಸಿನ್, ಥೈರೋನಾರ್ಮ್ ಮುಂತಾದ ಹೆಸರುಗಳಲ್ಲಿ ಸಿಗುವ ಲೆವೊಥೈರಾಕ್ಸಿನ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ಒಳಗೆ ಹೋಗಬೇಕು. ಅದಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನನ್ನೂ ಸೇವಿಸಬಾರದು. ನಮ್ಮ ಮನೆಗಳಲ್ಲಿ ಈ ನಿಯಮವನ್ನು ಮುರಿಯುವುದು ಬೆಳಗಿನ ಫಿಲ್ಟರ್ ಕಾಫಿ. ಕಾಫಿ ಈ ಮಾತ್ರೆ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ, ಅದರಲ್ಲಿನ ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡಿಯಾಗಬಲ್ಲದು. ಮಾತ್ರೆ ನುಂಗಿ ಡಿಕಾಕ್ಷನ್ ಇಳಿಯುವಷ್ಟರಲ್ಲಿಯೇ ಲೋಟ ಹಿಡಿಯುವವರಿಗೆ ವೈದ್ಯರು ಎಷ್ಟು ಪ್ರಮಾಣ ಹೆಚ್ಚಿಸಿದರೂ ಟಿಎಸ್‌ಎಚ್ ಇಳಿಯದಿರುವುದು ಇದರಿಂದಲೇ ಇರಬಹುದು. ಕಾಫಿಯನ್ನು ಬಿಡಬೇಕಾಗಿಲ್ಲ, ಒಂದು ಗಂಟೆ ತಡಮಾಡಿದರೆ ಸಾಕು.

ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ಒಂದು ಗಂಟೆ ಸಾಲದು. ನಾಲ್ಕು ಗಂಟೆಗಳ ಅಂತರ ಬೇಕು. ಇಲ್ಲಿಯೇ ಮುಟ್ಟು ಮತ್ತು ಥೈರಾಯ್ಡ್ ಒಂದಕ್ಕೊಂದು ಗಂಟು ಬೀಳುತ್ತವೆ. ಹೈಪೋಥೈರಾಯ್ಡಿಸಂನಿಂದ ಸ್ರಾವ ಹೆಚ್ಚಾಗಿ ರಕ್ತಹೀನತೆ ಬರುತ್ತದೆ. ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. "ಎಲ್ಲ ಮಾತ್ರೆಗಳನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಿಬಿಟ್ಟರೆ ಮರೆಯುವುದಿಲ್ಲ" ಎಂದು ಎರಡನ್ನೂ ಜೊತೆಗೆ ತೆಗೆದುಕೊಂಡಾಗ ಕಬ್ಬಿಣಾಂಶವು ಲೆವೊಥೈರಾಕ್ಸಿನ್ ಜೊತೆ ಕರುಳಿನಲ್ಲಿ ಬಂಧಿಸಿಕೊಂಡು ಅದನ್ನು ಒಳಸೇರಲು ಬಿಡುವುದಿಲ್ಲ, ಥೈರಾಯ್ಡ್ ಕೊರತೆ ಮುಂದುವರಿಯುತ್ತದೆ, ಸ್ರಾವವೂ ಮುಂದುವರಿಯುತ್ತದೆ. ಕಬ್ಬಿಣಾಂಶವನ್ನು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ, ಏಕೆಂದರೆ ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ತಯಾರಿಸಲು ಬಳಸುವ ಕಿಣ್ವಕ್ಕೂ ಕಬ್ಬಿಣಾಂಶ ಬೇಕು. ಹೊತ್ತನ್ನು ಬೇರ್ಪಡಿಸಬೇಕು, ಅಷ್ಟೆ. ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ಏಳಕ್ಕೆ ಕಾಫಿ, ಎಂಟೂವರೆಗೆ ತಿಂಡಿ, ಮಧ್ಯಾಹ್ನದ ಊಟಕ್ಕೆ ಮೊದಲು ಹನ್ನೆರಡರ ಸುಮಾರಿಗೆ ಕಬ್ಬಿಣಾಂಶ, ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ ಎಂಬ ಕ್ರಮ ಬಹುತೇಕ ಮನೆಗಳಿಗೆ ಹೊಂದುತ್ತದೆ. ಕಬ್ಬಿಣಾಂಶವೂ ಕ್ಯಾಲ್ಸಿಯಂ ಕೂಡ ಪರಸ್ಪರ ಅಡ್ಡಿಯಾಗುವುದರಿಂದ ಅವೆರಡನ್ನೂ ದೂರವಿಡುವುದು ಒಳ್ಳೆಯದು. ಮಲ್ಟಿವಿಟಮಿನ್ ಮಾತ್ರೆಗಳ ಹಿಂಬದಿಯನ್ನೂ ಓದಿ. ಅವುಗಳಲ್ಲಿ ಇವೆರಡೂ ಅಡಗಿರುತ್ತವೆ. ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಆಂಟಾಸಿಡ್‌ಗೂ ನಾಲ್ಕು ಗಂಟೆಗಳ ನಿಯಮ ಅನ್ವಯಿಸುತ್ತದೆ.

ಬೆಳಗಿನ ಪಾಳಿ, ಮಕ್ಕಳ ಶಾಲೆಯ ಬಸ್ಸು, ಟಿಫನ್ ಡಬ್ಬಿಗಳ ನಡುವೆ ಒಂದು ಗಂಟೆ ಕಾಯುವುದು ಆಗದ ಮಾತು ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಗಳ ನಂತರ, ಮಲಗುವ ಮುನ್ನ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬಹುದು. ಅದೂ ಒಪ್ಪಿತ ಕ್ರಮವೇ. ಆಗ ಕ್ಯಾಲ್ಸಿಯಂ ಮಾತ್ರೆ ರಾತ್ರಿಯಿಂದ ಹಗಲಿಗೆ ಸರಿಯಬೇಕು, ಆದರೆ ಮಧ್ಯಾಹ್ನದ ಕಬ್ಬಿಣಾಂಶದಿಂದ ದೂರವಿರಬೇಕು. ಮಾತ್ರೆಯ ಬಾಟಲಿಯನ್ನು ಒಲೆಯ ಪಕ್ಕದ ಕಪಾಟಿನಲ್ಲಿಡಬೇಡಿ, ಬಿಸಿಯೂ ತೇವವೂ ಅದನ್ನು ಕೆಡಿಸುತ್ತವೆ. ಸಾಧ್ಯವಾದಷ್ಟೂ ಒಂದೇ ಕಂಪನಿಯ ಮಾತ್ರೆಯನ್ನು ಮುಂದುವರಿಸಿ. ವ್ರತ, ಉಪವಾಸದ ದಿನಗಳಲ್ಲಿ, ಮುಟ್ಟಿನ ದಿನಗಳಲ್ಲಿ, ಜ್ವರ ಬಂದಾಗ, ಯಾವಾಗಲೂ ಲೆವೊಥೈರಾಕ್ಸಿನ್ ಮಾತ್ರೆಯನ್ನು ನಿಲ್ಲಿಸಬಾರದು. ಬೇಯಿಸಿದ ಎಲೆಕೋಸು, ಹೂಕೋಸುಗಳನ್ನು ಸಾಮಾನ್ಯ ಪ್ರಮಾಣದಲ್ಲಿ ತಿನ್ನುವುದರಿಂದ ಯಾವ ಹಾನಿಯೂ ಇಲ್ಲ. ಅವನ್ನು ಬಿಟ್ಟ ಮಾತ್ರಕ್ಕೆ ಮುಟ್ಟು ಸರಿಯಾಗುವುದೂ ಇಲ್ಲ.

ನಾಲ್ಕನೇ ಹೆಜ್ಜೆ: ಕಾಯುವುದು, ಆದರೆ ಲೆಕ್ಕವಿಟ್ಟು ಕಾಯುವುದು

ಲೆವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಪ್ರಮಾಣ ಬದಲಿಸಿದ ಮೇಲೆ ಹೊಸ ಸಮತೋಲನ ಬರಲು ಆರರಿಂದ ಎಂಟು ವಾರಗಳು ಹಿಡಿಯುತ್ತವೆ, ಟಿಎಸ್‌ಎಚ್ ಅನ್ನು ಅಷ್ಟು ಕಾಲದ ನಂತರವೇ ಮತ್ತೆ ನೋಡಬೇಕು. ಮುಟ್ಟು ಅದಕ್ಕಿಂತಲೂ ನಿಧಾನ. ಟಿಎಸ್‌ಎಚ್ ಸರಿಯಾದ ಮೇಲೂ ಕೆಲವು ತಿಂಗಳುಗಳು ಬೇಕಾಗಬಹುದು, ಆ ಅವಧಿಯಲ್ಲಿ ಒಂದು ತಿಂಗಳು ಬೇಗ, ಇನ್ನೊಂದು ತಿಂಗಳು ತಡ ಎಂಬಂತಾದರೆ ಗಾಬರಿಯಾಗಬೇಕಾಗಿಲ್ಲ. ಹಾಗೆಂದು ಆ ತಿಂಗಳುಗಳಲ್ಲಿ ವಿಪರೀತ ಸ್ರಾವವನ್ನು ಸಹಿಸಿಕೊಂಡೇ ಇರಬೇಕೆಂದಲ್ಲ. ಸ್ರಾವದ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್‌ನಂಥ ಮಾತ್ರೆಗಳನ್ನು ಸ್ತ್ರೀರೋಗ ತಜ್ಞರು ಬರೆದುಕೊಡಬಲ್ಲರು. ಹಿಂದೆ ಕಾಲಿನಲ್ಲಿಯೋ ಶ್ವಾಸಕೋಶದಲ್ಲಿಯೋ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಅವರಿಗೆ ಮೊದಲೇ ತಿಳಿಸಬೇಕು.

ಪ್ರಮಾಣ ಹೆಚ್ಚಾದರೂ ಮುಟ್ಟು ಬದಲಾಗುತ್ತದೆ. ಮಾತ್ರೆ ಆರಂಭಿಸಿದ ಮೇಲೆ ಸ್ರಾವ ತೀರಾ ಕಡಿಮೆಯಾಗಿ, ಜೊತೆಗೆ ಎದೆಬಡಿತ, ಕೈನಡುಕ, ನಿದ್ರಾಹೀನತೆ ಕಾಣಿಸಿಕೊಂಡರೆ ಟಿಎಸ್‌ಎಚ್ ಕೆಳಮಿತಿಗಿಂತ ಇಳಿದಿದೆಯೇ ಎಂದು ಪರೀಕ್ಷಿಸಬೇಕು. ತೂಕ ಇಳಿಸಲೆಂದು ತಾವೇ ಪ್ರಮಾಣ ಹೆಚ್ಚಿಸಿಕೊಳ್ಳುವವರು ಮೂಳೆಗಳಿಗೂ ಹೃದಯಕ್ಕೂ ಹಾನಿ ತಂದುಕೊಳ್ಳುತ್ತಾರೆ.

ಹೈಪರ್‌ಥೈರಾಯ್ಡಿಸಂ ಚಿಕಿತ್ಸೆಯಲ್ಲಿರುವವರಿಗೆ

ಥೈರಾಯ್ಡ್ ಹಾರ್ಮೋನನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಫ್ರೀ ಟಿ4 ಹತೋಟಿಗೆ ಬಂದರೂ ಟಿಎಸ್‌ಎಚ್ ತಿಂಗಳುಗಟ್ಟಲೆ ಕೆಳಗೇ ಉಳಿಯಬಹುದು. ಅದೊಂದನ್ನೇ ನೋಡಿ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳಬಾರದು. ಕಡಿಮೆಯಿದ್ದ ಸ್ರಾವ ಮೊದಲಿನ ಪ್ರಮಾಣಕ್ಕೆ ಮರಳುವುದು ಚೇತರಿಕೆಯ ಲಕ್ಷಣ. ಆದರೆ ಅದು ಹೆಚ್ಚುತ್ತಲೇ ಹೋಗಿ, ಮೈ ಭಾರವಾಗಿ, ಚಳಿ ಹೆಚ್ಚೆನಿಸಿದರೆ ಔಷಧಿ ಅತಿಯಾಗಿ ಹೈಪೋಥೈರಾಯ್ಡಿಸಂನತ್ತ ವಾಲುತ್ತಿರಬಹುದು. ಈ ಮಾತ್ರೆ ತೆಗೆದುಕೊಳ್ಳುವಾಗ ಜ್ವರ ಅಥವಾ ಗಂಟಲುನೋವು ಬಂದರೆ ಮಾತ್ರೆಯನ್ನು ತಡೆದು ಅದೇ ದಿನ ವೈದ್ಯರನ್ನು ಕಂಡು ರಕ್ತಕಣಗಳ ಪರೀಕ್ಷೆ ಮಾಡಿಸಬೇಕು, ಅಪರೂಪವಾದರೂ ಬಿಳಿ ರಕ್ತಕಣಗಳು ಅಪಾಯಕರವಾಗಿ ಕುಸಿಯುವ ಸಂಭವವಿದೆ. ಕಾರ್ಬಿಮಜೋಲ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿ ಮಾಡಬಲ್ಲದಾದ್ದರಿಂದ ಮುಟ್ಟು ಅನಿಯಮಿತವಾಗಿದೆ, ಗರ್ಭ ನಿಲ್ಲಲಾರದು ಎಂಬ ಭರವಸೆಯಲ್ಲಿ ಗರ್ಭನಿರೋಧಕವನ್ನು ಬಿಡಬಾರದು. ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಪಡೆದವರು ಕನಿಷ್ಠ ಆರು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು.

ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆಗಳು

ವರಮಹಾಲಕ್ಷ್ಮಿ ವ್ರತ, ಗೌರಿ ಹಬ್ಬ, ಮನೆಯ ಮದುವೆಗಳು ಬಂದಾಗ ಮೆಡಿಕಲ್ ಸ್ಟೋರಿನಿಂದ ನೇರವಾಗಿ ನಾರ್‌ಎಥಿಸ್ಟರಾನ್ ತಂದು ನುಂಗುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ಔಷಧಿಯೆಂದು ಲೆಕ್ಕಿಸುವುದೇ ಇಲ್ಲ. ಅದನ್ನು ನಿಲ್ಲಿಸಿದ ಕೆಲವು ದಿನಗಳಲ್ಲಿ ಬರುವ ಸ್ರಾವ ನಿಮ್ಮ ಸಹಜ ಚಕ್ರದ್ದಲ್ಲ. ಪುಸ್ತಕದಲ್ಲಿ ಹಾಗೆಂದೇ ಗುರುತಿಸದಿದ್ದರೆ ಥೈರಾಯ್ಡ್ ಚಿಕಿತ್ಸೆಯ ಪರಿಣಾಮವನ್ನು ವೈದ್ಯರು ತಪ್ಪಾಗಿ ಅಳೆಯಬೇಕಾಗುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳ ವಿಷಯ ಬೇರೆ: ಅವು ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುವುದರಿಂದ ಲೆವೊಥೈರಾಕ್ಸಿನ್ ಪ್ರಮಾಣವನ್ನು ಏರಿಸಬೇಕಾಗಬಹುದು. ಆರಂಭಿಸಿದ ಆರರಿಂದ ಎಂಟು ವಾರಗಳಿಗೆ, ನಿಲ್ಲಿಸಿದ ಮೇಲೂ ಅಷ್ಟೇ ವಾರಗಳಿಗೆ ಟಿಎಸ್‌ಎಚ್ ನೋಡಿಸಿ.

ಎಲ್ಲವನ್ನೂ ಥೈರಾಯ್ಡ್ ಮೇಲೆ ಹೊರಿಸಬೇಡಿ

ಟಿಎಸ್‌ಎಚ್ ಸರಿಯಾಗಿ ಹಲವು ತಿಂಗಳುಗಳಾದರೂ ಸ್ರಾವ ಹಾಗೆಯೇ ಇದ್ದರೆ ಗರ್ಭಕೋಶದಲ್ಲಿ ಗಡ್ಡೆ ಅಥವಾ ದಪ್ಪವಾಗುವಿಕೆ ಉಂಟುಮಾಡುವ ಫೈಬ್ರಾಯ್ಡ್, ಪಾಲಿಪ್, ಅಡೆನೊಮಯೋಸಿಸ್‌ಗಳಿಗಾಗಿ ಸ್ಕ್ಯಾನಿಂಗ್ ಅಗತ್ಯ. ಟಿಎಸ್‌ಎಚ್ ಸ್ವಲ್ಪವೇ ಏರಿದ್ದು ಫ್ರೀ ಟಿ4 ಸರಿಯಿದ್ದಾಗ ಮುಟ್ಟಿನ ತೊಂದರೆಗೆ ಅದೇ ಕಾರಣವೆಂದು ಹೇಳುವುದು ಅವಸರವಾದೀತು. ನಲವತ್ತೈದು ದಾಟಿದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಹೆಚ್ಚು ಸ್ರಾವವನ್ನು ಮುಟ್ಟು ನಿಲ್ಲುವ ಕಾಲ ಎಂದೋ ಥೈರಾಯ್ಡ್ ಎಂದೋ ತಳ್ಳಿಹಾಕದೆ ಗರ್ಭಕೋಶದ ಒಳಪದರವನ್ನು ಪರೀಕ್ಷಿಸಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಬರುವ ಒಂದು ಹನಿ ಸ್ರಾವಕ್ಕೂ ಪರೀಕ್ಷೆ ಬೇಕು. ಖಾಸಗಿ ವೆಚ್ಚ ಭರಿಸಲಾಗದವರಿಗೆ ಕೋಟೆ ಪ್ರದೇಶದ ವಾಣಿ ವಿಲಾಸ ಆಸ್ಪತ್ರೆ ಮತ್ತು ಅದರ ಪಕ್ಕದ ವಿಕ್ಟೋರಿಯಾ ಆಸ್ಪತ್ರೆ ಒಂದೇ ವೈದ್ಯಕೀಯ ಕಾಲೇಜಿಗೆ ಸೇರಿದವಾಗಿರುವುದರಿಂದ ಎರಡೂ ಫೈಲುಗಳನ್ನು ಹಿಡಿದು ಎರಡೂ ಕಡೆ ತೋರಿಸುವುದು ಸುಲಭ.

ಗಂಟೆಗೊಂದು ಪ್ಯಾಡ್‌ನಂತೆ ಎರಡು ಮೂರು ಗಂಟೆ ಸತತವಾಗಿ ನೆನೆದರೆ, ತಲೆಸುತ್ತಿ ಬೀಳುವಂತಾದರೆ, ಉಸಿರು ಕಟ್ಟಿದರೆ, ಅಥವಾ ಗರ್ಭಪರೀಕ್ಷೆ ಪಾಸಿಟಿವ್ ಇದ್ದು ಸ್ರಾವವೋ ಹೊಟ್ಟೆನೋವೋ ಕಾಣಿಸಿದರೆ ಅಪಾಯಿಂಟ್‌ಮೆಂಟ್ ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು.

ಗರ್ಭ ಮತ್ತು ಬಾಣಂತನ

ಮಗು ಬೇಕೆಂದು ನಿರ್ಧರಿಸಿದ ದಿನವೇ ಥೈರಾಯ್ಡ್ ವೈದ್ಯರಿಗೆ ತಿಳಿಸಿ. ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರಿಗೆ ಟಿಎಸ್‌ಎಚ್ 2.5ಕ್ಕಿಂತ ಕೆಳಗಿರುವಂತೆ ಅವರು ನೋಡಿಕೊಳ್ಳುತ್ತಾರೆ. ಗರ್ಭ ನಿಂತಾಗ ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಕಾಲು ಭಾಗದಿಂದ ಅರ್ಧದವರೆಗೆ ಹೆಚ್ಚುತ್ತದೆ, ಆದ್ದರಿಂದ ಮುಟ್ಟು ತಪ್ಪಿ ಪರೀಕ್ಷೆ ಪಾಸಿಟಿವ್ ಬಂದ ಕೂಡಲೇ ಎಷ್ಟು ಹೆಚ್ಚಿಸಬೇಕೆಂಬುದನ್ನು ಮೊದಲೇ ಕೇಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಗರ್ಭದ ಮೊದಲರ್ಧದಲ್ಲಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಪರೀಕ್ಷೆ ಇರುತ್ತದೆ. ಹೆರಿಗೆಯಾದ ಮೇಲೆ ಪ್ರಮಾಣ ಹಿಂದಿನ ಮಟ್ಟಕ್ಕೆ ಇಳಿಯುತ್ತದೆ, ಆರು ವಾರಗಳಿಗೆ ಮತ್ತೆ ಟಿಎಸ್‌ಎಚ್ ನೋಡಬೇಕು. ಬಾಣಂತಿಗೆ ಕಬ್ಬಿಣಾಂಶವನ್ನೂ ಕ್ಯಾಲ್ಸಿಯಂ ಅನ್ನೂ ಕೊಡುತ್ತಾರಾದ್ದರಿಂದ ನಾಲ್ಕು ಗಂಟೆಗಳ ನಿಯಮವನ್ನು ಅವಳ ಬಾಣಂತನ ಮಾಡುವ ತಾಯಿಗೋ ಅತ್ತೆಗೋ ವಿವರಿಸಿ ಹೇಳಬೇಕು.

ಆ್ಯಂಟಿ ಟಿಪಿಒ ಪಾಸಿಟಿವ್ ಇರುವವರಲ್ಲಿ, ಮೊದಲು ಥೈರಾಯ್ಡ್ ತೊಂದರೆ ಇಲ್ಲದಿದ್ದರೂ, ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಹಾರ್ಮೋನು ಏರಿ, ಸುಮಾರು ನಾಲ್ಕರಿಂದ ಎಂಟನೇ ತಿಂಗಳ ನಡುವೆ ಇಳಿಯುವ ಥೈರಾಯ್ಡೈಟಿಸ್ (ಗ್ರಂಥಿಯ ಉರಿಯೂತ) ಬರಬಹುದು. ಸುಸ್ತು, ಕೂದಲು ಉದುರುವಿಕೆ, ಮುಟ್ಟು ಬಾರದಿರುವುದು ಅಥವಾ ಬಂದದ್ದು ವಿಪರೀತವಾಗುವುದು ಇವೆಲ್ಲವನ್ನೂ ಬಾಣಂತನದ ಸಹಜ ಲಕ್ಷಣಗಳೆಂದೇ ಮನೆಯವರು ತಿಳಿಯುವುದರಿಂದ ಇದು ಸುಲಭವಾಗಿ ತಪ್ಪಿಹೋಗುತ್ತದೆ. ಅಂಥವರು ಮೂರು ಮತ್ತು ಆರು ತಿಂಗಳಿಗೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಮಗುವಿನ ಹದಿನಾಲ್ಕನೇ ವಾರದ ಲಸಿಕೆಗೆ ಹೇಗೂ ಆಸ್ಪತ್ರೆಗೆ ಹೋಗುತ್ತೀರಾದ್ದರಿಂದ ಮೊದಲನೆಯದನ್ನು ಅದೇ ದಿನ ಮಾಡಿಸಿಕೊಂಡು, ಎರಡನೆಯದರ ದಿನಾಂಕವನ್ನು ಮಗುವಿನ ಲಸಿಕೆ ಕಾರ್ಡಿನ ಮೇಲೆಯೇ ಬರೆದಿಡಿ.